ಗುಜರಿ ಅಂಗಡ್ಯಾಗ ಹಳೇ ರೇಜರ್ ಸಿಕ್ಕರ ರೊಕ್ಕ ಕೊಡೂಕಿಂತ ಮೊದ್ಲ ಇಷ್ಟು ನೋಡ್ರಿ

ನಮಸ್ಕಾರ್ರೀ ಎಲ್ಲಾರಿಗೂ. ನಮ್ಮ ಹುಬ್ಬಳ್ಳಿ ಗುಜರಿ ಅಂಗಡ್ಯಾಗ ತಾಮ್ರದ ಚರಗಿ, ನಿಂತ ಗಡಿಯಾರ ಎಲ್ಲಾ ಸರಿಸಿ ಕೆಳಗ ಕೈ ಹಾಕಿದ್ರ ಒಮ್ಮೊಮ್ಮೆ ಹಿಂತಾದ್ದು ಸಿಗ್ತೈತಿ.

[ರೇಜರ್ ಕ್ಯಾಮೆರಾ ಹತ್ರ]

ಇದು ಜಿಲೆಟ್ ಕಂಪನಿದು ಟೆಕ್ ಅನ್ನೋ ಮಾಡೆಲ್, ಮೂರು ಪೀಸಿಂದು (ತಲಿ, ಅದರ ಕೆಳಗಿನ ತಟ್ಟಿ, ಹಿಡಿಕಿ), ಕೆಳಗ ಮೇಡ್ ಇನ್ ಇಂಗ್ಲೆಂಡ್ ಅಂತೈತಿ. ಅಂಗಡಿಯಾವ "ಆ್ಯಂಟಿಕ್ ಐತ್ರಿ ಸರ" ಅಂತ ರೇಟ್ ಏರಿಸ್ತಾನ, ಅವನ ಧಂದೆ ಅದು, ಆದ್ರ ಟೆಕ್ 1930ರ ದಶಕದ ಕೊನಿಗೆ ಬಂದು ಮುಂದ ವರ್ಷಾನುಗಟ್ಲೆ ತಯಾರಾದ ಮಾಲು, ಅಪರೂಪದ್ದೇನಲ್ಲ, ಚೌಕಾಸಿ ಮಾಡ್ರಿ.

ಮತ್ತ ಯಾಕ ತೊಗೋಬೇಕಂದ್ರ, ಇದನ್ನ ಶೋಕೇಸಿನ್ಯಾಗ ಇಡೂದಲ್ಲ, ನಾಳೆ ಮುಂಜಾನೆ ದಾಡಿ ಮಾಡ್ಕೋಬಹುದು. ಕಿಂಗ್ ಕ್ಯಾಂಪ್ ಜಿಲೆಟ್ ಅನ್ನಾವ್ಗ ಬ್ಲೇಡ್ ಬದಲಿಸೋ ರೇಜರಿಗೆ ಪೇಟೆಂಟ್ ಸಿಕ್ಕಿದ್ದು 1904ರಾಗ, ಆಗಿನ ಬ್ಲೇಡಿಗೆ ಮೂರು ತೂತು, ಮುಂದ 1930ರ ಹೊತ್ತಿಗೆ ನಡುವ ಉದ್ದಕ ಸೀಳಿರೋ ಬ್ಲೇಡ್ ಬಂತು, ಆ ಸೀಳಿನ್ಯಾಗ ಹಳೇ ರೇಜರಿನ ಮೂರು ಮೊಳೆನೂ ಕುಂದರ್ತಾವ, ಹಂಗಾಗಿ ಕಿರಾಣಿ ಅಂಗಡಿ ಬ್ಲೇಡ್ ಇವತ್ತಿಗೂ ನೂರು ವರ್ಷದ ರೇಜರಿಗೆ ನಡೀತೈತಿ.

ಈಗ ಚೆಕ್ ಮಾಡೂದು. ಹೋಗುವಾಗ ಕಿಸೆದಾಗ ಪ್ಯಾಕ್ ಒಡೀದ ಹೊಸ ಬ್ಲೇಡ್ ಒಂದು ಇರ್ಲಿ. ರೇಜರ್ ಬಿಚ್ಚಿ ಸ್ಕ್ರೂ ತಿರುವು ನೋಡ್ರಿ, ನಮ್ಮ ಗದಗ ಕಡೆ ಬೋರ್ ನೀರಿಗೆ ಬಿಳೇದು ಗಟ್ಟಿ ಕಟ್ಟಿರ್ತೈತಿ, ಅದು ಹೋಗ್ತೈತಿ, ಆದ್ರ ತಿರುವು ಸವದಿದ್ರ ಬಿಟ್ಟುಬಿಡ್ರಿ. ಹಿಡಿಕಿ ಮ್ಯಾಲಿನ ತುದೀಗೆ ಉಗುರು ಆಡಿಸ್ರಿ, ಪೊಳ್ಳು ಹಿತ್ತಾಳಿ ಹಿಡಿಕಿ ಅಲ್ಲೇ ಸೀಳೂದು. ಆಮ್ಯಾಲೆ ಬ್ಲೇಡ್ ಹಾಕಿ ಬೆಳಕಿಗೆ ಹಿಡೀರಿ, ಎರಡೂ ಕಡೆ ಅಂಚು ಒಂದ ಸಮ ಕಾಣಬೇಕು, ಒಂದ್ಕಡೆ ಹೆಚ್ಚು ಒಂದ್ಕಡೆ ಕಮ್ಮಿ ಅಂದ್ರ ಅದು ಎಲ್ಲೋ ಬಿದ್ದು ಬಾಗೇತಿ, ಗಲ್ಲ ಕೊಯ್ತೈತಿ. ಅಮೇರಿಕಾದ್ದು ಸಿಕ್ಕರ ತಲಿ ಅಡಿಗೆ ಒಂದು ಅಕ್ಷರ ಒಂದು ಅಂಕಿ ಇರಬಹುದು, ಅಕ್ಷರ ತಯಾರಾದ ವರ್ಷಕ್ಕ, ಅಂಕಿ ಆ ವರ್ಷದ ಎಷ್ಟನೇ ಮೂರು ತಿಂಗಳು ಅನ್ನೂದಕ್ಕ, ಎ1 ಅಂದ್ರ 1955ರ ಮೊದಲ ಮೂರು ತಿಂಗಳು, ಎಫ್ ಅಂದ್ರ 1960. ಇಂಗ್ಲೆಂಡಿನ ಎಲ್ಲಾದರ ಮ್ಯಾಲೂ ಇರಂಗಿಲ್ಲ, ಇಲ್ಲಂತ ಡುಪ್ಲಿಕೇಟ್ ಅನ್ಕೋಬ್ಯಾಡ್ರಿ.

ಮನಿಗೆ ತಂದ ಕೂಡ್ಲೆ ನಮ್ಮ ಮಂದಿ ಮಾಡೋದು ಏನಂದ್ರ, ದೇವರ ಸಾಮಾನು ತಿಕ್ಕಿದಂಗ ಹುಣಸಿಹಣ್ಣು ಹಚ್ಚಿ ಗಸಗಸ ತಿಕ್ಕೂದು! ಬ್ಯಾಡ್ರಿ. ಮ್ಯಾಲಿರೋದು ತೆಳ್ಳಗಿನ ನಿಕಲ್ ಲೇಪ, ಬಂಗಾರ ಬಣ್ಣದ್ದಂತೂ ಇನ್ನೂ ತೆಳ್ಳಗ, ಟೂತ್‌ಪೇಸ್ಟಿಗೂ ಎದ್ದು ಹೋಗ್ತೈತಿ. ಬೆಚ್ಚಗಿನ ನೀರು, ಪಾತ್ರೆ ತೊಳಿಯೋ ಲಿಕ್ವಿಡ್, ಹಳೇ ಟೂತ್‌ಬ್ರಶ್, ಇಷ್ಟ ಸಾಕು. ತೊಳದ್ಮ್ಯಾಲೆ ಸ್ಪಿರಿಟ್‌ನ್ಯಾಗ ಸ್ವಲ್ಪ ಹೊತ್ತು ಮುಳುಗಿಸಿಡ್ರಿ, ಇನ್ನೊಬ್ಬರ ದಾಡಿ ಮಾಡಿದ ಸಾಮಾನು ಅದು. ಒಳಗ ಜಂಗು ಹಿಡಿದ ಬ್ಲೇಡ್ ಇದ್ರ ಕಾಗದದಾಗ ಸುತ್ತಿ ಒಗೀರಿ, "ಅದೂ ವಿಂಟೇಜ್" ಅಂತ ಹಾಕ್ಕೊಂಡೀರಿ ಮತ್ತ.

ಬಳಸೂವಾಗ ಮೊದಮೊದಲಿಗೆ ಎಲ್ಲಾರೂ ಈಗಿನ ಕಾರ್ಟ್ರಿಜ್ ರೇಜರ್ (ತಲಿನ ಬದಲಿಸೋದು) ಒತ್ತಿದಂಗ ಒತ್ತತಾರ. ಇಲ್ಲಿ ಒತ್ತೂ ಕೆಲಸ ಇಲ್ಲ, ರೇಜರಿನ ಭಾರನ ಸಾಕು, ಹಿಡಿಕಿ ಕೆಳಗ ಇಳಿಸಿ ಬ್ಲೇಡ್ ಚರ್ಮಕ್ಕ ಸುಮಾರು 30 ಡಿಗ್ರಿ ಬರೂಹಂಗ ಹಿಡೀರಿ, ಕೂದಲು ಬೆಳದ ದಿಕ್ಕಿಗೆ ಸಣ್ಣ ಸಣ್ಣ ಎಳತ, ಗದ್ದದ ಹತ್ರ ಅವಸರ ಬ್ಯಾಡ. ಎಲ್ಲರೆ ಕೊಯ್ದ್ರ ಕಟಿಂಗ್ ಅಂಗಡ್ಯಾಗ ಹಚ್ತಾರಲ್ಲ ಆ ಸ್ಪಟಿಕದ ಕಲ್ಲು ಒದ್ದಿ ಮಾಡಿ ಹಚ್ರಿ. ಆಮ್ಯಾಲೆ ಬಿಚ್ಚಿ, ಝಾಡಿಸಿ, ಮೂರೂ ಪೀಸ್ ಒಣ ಅರಬಿ ಮ್ಯಾಲೆ ಬ್ಯಾರೆ ಬ್ಯಾರೆ ಇಡ್ರಿ, ಬೋರ್ ನೀರಿನ ಮಂದಿ ಇದನ್ನ ದಿನಾ ಮಾಡ್ರಿ.