ಒಂದು ಬಾಟಲಿ ರಕ್ತ ಬೇಕಿತ್ತು

ಕೇಳುಗರೆಲ್ಲರಿಗೂ ನಮಸ್ಕಾರ.

ರಾಯಚೂರಿನಲ್ಲಿ ನಾನು ಕೆಲಸ ಮಾಡುವ ರಕ್ತನಿಧಿಗೆ ದೇವದುರ್ಗ, ಲಿಂಗಸುಗೂರು, ಮಾನ್ವಿಯ ಕಡೆಯಿಂದ ಜನ ಬರುತ್ತಾರೆ. ಬೆವರು ಒರೆಸಿಕೊಳ್ಳುತ್ತಾ ಕಿಟಕಿಯೊಳಗೆ ಚೀಟಿ ಚಾಚಿ, 'ಒಂದು ಬಾಟಲಿ ರಕ್ತ ಬೇಕಿತ್ತು' ಎನ್ನುತ್ತಾರೆ. ಗಾಜಿನ ಬಾಟಲಿ ಹೋಗಿ ಪ್ಲಾಸ್ಟಿಕ್ ಚೀಲ ಬಂದು ದಶಕಗಳಾದವು. ಆದರೂ ಆ ಮಾತಿನ ಜೊತೆಗೆ ಹಳೆಯ ಕಲ್ಪನೆಯೊಂದು ಉಳಿದುಬಿಟ್ಟಿದೆ: ಒಬ್ಬರ ಮೈಯಿಂದ ತೆಗೆದದ್ದನ್ನು ಹಾಗೆಯೇ ಇನ್ನೊಬ್ಬರಿಗೆ ಏರಿಸುತ್ತಾರೆ ಎಂದು.

ನಾವು ಬಳಸುವ ಪದ 'ಯೂನಿಟ್'. ಒಮ್ಮೆ ಕೊಟ್ಟ ರಕ್ತ 350 ಅಥವಾ 450 ಮಿಲಿಲೀಟರ್. ಅದನ್ನು ಯಂತ್ರದಲ್ಲಿ ವೇಗವಾಗಿ ತಿರುಗಿಸಿ ಬೇರ್ಪಡಿಸಿದಾಗ ಸಿಗುವುದನ್ನು 'ಘಟಕಗಳು' ಎನ್ನುತ್ತೇವೆ. ಚೀಟಿಯಲ್ಲಿ 'ಪ್ಯಾಕ್ಡ್ ಸೆಲ್' ಎಂದಿದ್ದರೆ ಅದು ಕೆಂಪು ರಕ್ತಕಣ. ರಕ್ತಹೀನತೆಯಿಂದ ಬಳಲುವ ಬಾಣಂತಿಗೆ ಸಾಮಾನ್ಯವಾಗಿ ಬೇಕಾಗುವುದು ಇದೇ. ತಂಪಿನಲ್ಲಿಟ್ಟರೆ 42 ದಿನಗಳವರೆಗೆ ಉಳಿಯುತ್ತದೆ. ರಕ್ತದ ದ್ರವಭಾಗವಾದ ಪ್ಲಾಸ್ಮಾವನ್ನು ಮಂಜುಗಡ್ಡೆಯಂತೆ ಗಟ್ಟಿಯಾಗಿಸಿ ಒಂದು ವರ್ಷದವರೆಗೆ ಇಡಬಹುದು. ರಕ್ತಸ್ರಾವ ನಿಲ್ಲಿಸಲು ನೆರವಾಗುವ ಪುಟ್ಟ ಕಣ ಪ್ಲೇಟ್‌ಲೆಟ್ ಹಾಗಲ್ಲ, ಅದಕ್ಕೆ ಐದೇ ದಿನದ ಆಯುಷ್ಯ. ಫ್ರಿಜ್ಜಿನಲ್ಲಿ ಇಡುವಂತಿಲ್ಲ, 20ರಿಂದ 24 ಡಿಗ್ರಿಯಲ್ಲಿ ತೊಟ್ಟಿಲು ತೂಗಿದಂತೆ ಹಗಲೂ ರಾತ್ರಿ ಅಲುಗಾಡಿಸುತ್ತಿರಬೇಕು. ಡೆಂಗಿ ಹರಡಿದ ದಿನಗಳಲ್ಲಿ ಪ್ಲೇಟ್‌ಲೆಟ್ ಚೀಲಗಳನ್ನಿಡುವ ತಟ್ಟೆಗಳು ಬರಿದಾಗುವುದನ್ನು ನೋಡಿದರೆ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಜಗಳ ಬರುವುದು 'ಕ್ರಾಸ್‌ಮ್ಯಾಚ್' ಎಂಬ ಪದದ ಹತ್ತಿರ. 'ಗುಂಪು ಗೊತ್ತಿದೆಯಲ್ಲ, ಏಕೆ ತಡ ಮಾಡುತ್ತೀರಿ?' ಎಂದು ಒಬ್ಬ ತಂದೆ ನನ್ನ ಮುಂದೆ ಅತ್ತದ್ದನ್ನು ಮರೆತಿಲ್ಲ. ರೋಗಿಯ ಪ್ಲಾಸ್ಮಾ ಜೊತೆ ದಾನಿಯ ಕೆಂಪುಕಣಗಳನ್ನು ಬೆರೆಸಿ, ಅವು ಗಂಟುಗಟ್ಟುತ್ತವೆಯೇ ಎಂದು ನೋಡುವ ಪರೀಕ್ಷೆ ಅದು. ಮುಕ್ಕಾಲು ಗಂಟೆಯಾದರೂ ಬೇಕು. ಗುಂಪಿನ ಹೆಸರೊಂದನ್ನೇ ನಂಬುವಂತಿಲ್ಲ ಏಕೆಂದರೆ, 1952ರಲ್ಲಿ ಮುಂಬಯಿಯ ವೈದ್ಯರು ಗುರುತಿಸಿದ 'ಬಾಂಬೆ ಗುಂಪು' ಸಾಮಾನ್ಯ ಪರೀಕ್ಷೆಯಲ್ಲಿ ಓ ಎಂದೇ ಕಾಣುತ್ತದೆ. ಬಾಂಬೆ ಗುಂಪಿನ ರೋಗಿಗೆ ಓ ರಕ್ತ ಕೊಟ್ಟರೆ ಪ್ರಾಣಕ್ಕೇ ಅಪಾಯ. ಅಂದು ಆ ತಂದೆಯನ್ನು ಕೂರಿಸಿ, ನೀರು ಕೊಟ್ಟು, ಇಷ್ಟನ್ನೂ ಹೇಳಿದೆ. ಚೀಲ ಕೈಗೆ ಬರುವವರೆಗೆ ಅವರು ಮತ್ತೆ ಮಾತನಾಡಲಿಲ್ಲ.

ಏಪ್ರಿಲ್, ಮೇ ತಿಂಗಳಲ್ಲಿ ಕಾಲೇಜುಗಳಿಗೆ ರಜೆ. ವಿದ್ಯಾರ್ಥಿಗಳ ಶಿಬಿರಗಳಿಲ್ಲದೆ ನಮ್ಮ ಕಪಾಟು ಖಾಲಿಯಾಗುವುದು ಆಗಲೇ. ನಿಮಗೆ 18 ತುಂಬಿ, ತೂಕ 45 ಕಿಲೋಗೆ ಕಡಿಮೆಯಿಲ್ಲದೆ, ಹಿಮೊಗ್ಲೋಬಿನ್ 12.5 ಇದ್ದರೆ ಬನ್ನಿ. ಗಂಡಸರು 90 ದಿನಕ್ಕೊಮ್ಮೆ, ಹೆಂಗಸರು 120 ದಿನಕ್ಕೊಮ್ಮೆ ಕೊಡಬಹುದು. ಬೆರಳಿನ ಪರೀಕ್ಷೆ ಮಾಡಿ 'ಈಗ ಬೇಡ' ಎಂದು ಕಳುಹಿಸಿದರೆ ಬೇಸರಿಸಬೇಡಿ. ನಿಮ್ಮ ಮೈಯಲ್ಲೇ ರಕ್ತ ಕಡಿಮೆಯಿದೆ, ವೈದ್ಯರಿಗೆ ತೋರಿಸಿಕೊಳ್ಳಿ ಎಂದು ಅದರ ಅರ್ಥ. ಬರುವಾಗ ರೊಟ್ಟಿ ತಿಂದು, ಚೆನ್ನಾಗಿ ನೀರು ಕುಡಿದು ಬನ್ನಿ. ಖಾಲಿ ಹೊಟ್ಟೆಯಲ್ಲಿ ಬಂದವರಿಂದ ನಾವು ರಕ್ತ ತೆಗೆದುಕೊಳ್ಳುವುದಿಲ್ಲ.