ಕೌಂಟರ್ ಮೇಲೆ ಬಂದ ಇ-ಸಿಗರೇಟು

ಕೇಳುಗರಿಗೆ ನಮಸ್ಕಾರ. ಬೆಳಗಾವಿಯ ಖಡೇ ಬಜಾರಿನ ಹತ್ತಿರ ಒಂದು ಗಲ್ಲಿಯಲ್ಲಿ ನನ್ನ ರಿಪೇರಿ ಅಂಗಡಿ ಇದೆ. ಮೊದಲು ರೇಡಿಯೊ, ಟೇಪ್ ರೆಕಾರ್ಡರ್ ಬರುತ್ತಿದ್ದವು. ಈಗ ಮೊಬೈಲ್, ಮಿಕ್ಸರ್, ಎಮರ್ಜೆನ್ಸಿ ಲೈಟು, ಏನು ಬಂದರೂ ಸರಿ. ಇಷ್ಟು ವರ್ಷ ರೇಡಿಯೊದ ಹಿಂದಿನ ಮುಚ್ಚಳ ಬಿಚ್ಚಿದವನು ಇವತ್ತು ಅದರೊಳಗಿಂದ ಮಾತಾಡುತ್ತಿದ್ದೇನೆ. ಅದೂ ಸಿಗರೇಟಿನ ಬಗ್ಗೆ.

ನಾನು ಕೆಲಸ ಮಾಡುವ ಟೇಬಲ್ಲಿನ ಅಂಚಿನಲ್ಲಿ ಎರಡು ಥರದ ಸುಟ್ಟ ಕಲೆಗಳಿವೆ. ಗುಂಡಗೆ, ಆಳವಾಗಿ ಇರುವವು ಸೋಲ್ಡರಿಂಗ್ ಐರನ್ನಿನವು. ಉದ್ದಕ್ಕೆ, ಕಂದು ಬಣ್ಣದಲ್ಲಿ ಇರುವವು ಸಿಗರೇಟಿನವು. ಎರಡನೆಯವೇ ಜಾಸ್ತಿ. ಬಲಗೈಯಲ್ಲಿ ಐರನ್, ಅಂಚಿನ ಮೇಲೆ ಸಿಗರೇಟು. ಅರ್ಧ ತಾನೇ ಉರಿದು ಹೋಗುತ್ತಿತ್ತು, ಅರ್ಧ ನಾನು ಸೇದುತ್ತಿದ್ದೆ. ಹೀಗೆ ಸುಮಾರು 30 ವರ್ಷ, ದಿನಕ್ಕೆ 15ರಂತೆ.

ತಂಬಾಕು ನಮಗೇನು ಹೊಸದಲ್ಲ. ನನ್ನ ಅಜ್ಜಿಯ ಊರು ನಿಪ್ಪಾಣಿ ಕಡೆ. ಬೀಡಿ ತಂಬಾಕಿಗೆ ಹೆಸರಾದ ಸೀಮೆ ಅದು. ಸೋದರತ್ತೆ ತಂಬಾಕಿನ ವಖಾರಿಗೆ ಕೂಲಿಗೆ ಹೋಗುತ್ತಿದ್ದಳು. ಸಂಜೆ ಮನೆಗೆ ಬಂದಾಗ ಅವಳ ಸೆರಗು ಝಾಡಿಸಿದರೆ ಮನೆಯವರೆಲ್ಲ ಸೀನುತ್ತಿದ್ದೆವು. 1981ರಲ್ಲಿ ಆ ಭಾಗದ ರೈತರು ತಂಬಾಕಿಗೆ ಸರಿಯಾದ ಬೆಲೆ ಕೊಡಿ ಅಂತ ಹೆದ್ದಾರಿ ಮೇಲೆ ಕೂತರು. ಗೋಲಿಬಾರ್ ಆಯಿತು, ಜನ ಸತ್ತರು. ನಾನಾಗ ಹತ್ತು ವರ್ಷದ ಹುಡುಗ. ಎಲೆ ಬೆಳೆಯುವವನ ಕಷ್ಟ ಒಂದು, ಸುಡುವವನ ಕಷ್ಟ ಇನ್ನೊಂದು. ನಮ್ಮ ಮನೆಯಲ್ಲಿ ಎರಡೂ ಇದ್ದವು.

ಹೋದ ವರ್ಷ ಮಳೆಗಾಲದಲ್ಲಿ ಕೆಮ್ಮು ಶುರುವಾಯಿತು, ನಿಲ್ಲಲೇ ಇಲ್ಲ. ಬೆಳಗಾವಿಯ ಮಳೆ ನಿಮಗೆ ಗೊತ್ತು. ಜೂನ್‌ನಲ್ಲಿ ಹಿಡಿದರೆ ಗಣಪತಿ ಬರುವವರೆಗೂ ಬಿಡುವುದಿಲ್ಲ. ರೇಲ್ವೆ ಗೇಟ್ ದಾಟಿ ಮನೆಗೆ ನಡೆದರೆ ನಡುವೆ ಎರಡು ಕಡೆ ನಿಲ್ಲಬೇಕಾಗುತ್ತಿತ್ತು. ಆಗ ತಲೆಗೆ ಬಂದದ್ದು ಇ-ಸಿಗರೇಟು, ಬ್ಯಾಟರಿಯಿಂದ ನಿಕೋಟಿನ್ ದ್ರವ ಕಾಯಿಸಿ ಅದರ ಆವಿ ಎಳೆಯುವ ಯಂತ್ರ. ನನ್ನ ಅಕ್ಕನ ಮಗ ಇಂಗ್ಲೆಂಡಿನಲ್ಲಿದ್ದಾನೆ. ಅವನೂ ನನ್ನ ಹಾಗೆ ಸೇದುತ್ತಿದ್ದವನು. ಸಿಗರೇಟು ಬಿಟ್ಟು ಅದನ್ನು ಹಿಡಿದು ಒಂದೂವರೆ ವರ್ಷ ಆಗಿತ್ತು. ಫೋನು ಮಾಡಿ, "ಮೊದಲನೇ ಸಲಕ್ಕ ಯಾವುದು ತಗೋಬೇಕಪಾ?" ಅಂತ ಕೇಳಿದೆ.

ಅವನು ಉತ್ಸಾಹದಿಂದ ಹೇಳಿದ. "ಮಾಮಾ, ದೊಡ್ಡ ದೊಡ್ಡ ಮೋಡ ಬಿಡೂವು ಬ್ಯಾಡ್ರಿ. ಸಣ್ಣದು, ಬಿಗಿಯಾಗಿ ಎಳಿಯೂದು ಬೇಕು. ಸಿಗರೇಟ್ ಎಳದಂಗ ಅನಸಬೇಕು." ನಿಕೋಟಿನ್ ಎಷ್ಟಿರಬೇಕು ಅನ್ನುವುದೇ ಮುಖ್ಯವಂತೆ. ದಿನಕ್ಕೆ 15-20 ಸೇದುವವನು ಸಂಕೋಚಪಟ್ಟು 3 ಮಿಲಿಗ್ರಾಂನಿಂದ ಶುರು ಮಾಡಿದರೆ ಸಂಜೆಯೊಳಗೆ ಮತ್ತೆ ಸಿಗರೇಟು ಹಚ್ಚುತ್ತಾನೆ. ಅಲ್ಲಿ ಕಾನೂನಿನ ಮಿತಿ ಮಿಲಿಲೀಟರಿಗೆ 20 ಮಿಲಿಗ್ರಾಂ. ಇವನು ಅಲ್ಲಿಂದ ಶುರು ಮಾಡಿ ಕೆಲವು ತಿಂಗಳಿಗೊಮ್ಮೆ ಇಳಿಸಿಕೊಂಡು ಬಂದಿದ್ದಾನೆ. ಮೊದಲ ವಾರ ಕೆಮ್ಮು ಬಂತಂತೆ, ಯಾಕೆಂದರೆ ಸಿಗರೇಟಿನ ಹಾಗೆ ಚಟಕ್ಕನೆ ಎಳೆಯುತ್ತಿದ್ದ. ಇದನ್ನು ನಿಧಾನಕ್ಕೆ, ಮೂರು ನಾಲ್ಕು ಸೆಕೆಂಡು ಎಳೆಯಬೇಕು. ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯವರೇ ಸಿಗರೇಟು ಬಿಡುವವರಿಗೆ ಇದರ ಬಗ್ಗೆ ಸಲಹೆ ಕೊಡುತ್ತಾರೆ. ಹಾಗಂತ ಮನಸ್ಸಿಗೆ ಬಂದ ಹಾಗೆ ಮಾರುವಂತಿಲ್ಲ. 18 ತುಂಬದವರಿಗೆ ಕೊಡುವಂತಿಲ್ಲ. ಸೇದಿ ಬಿಸಾಡುವ ನಮೂನೆಯವನ್ನು 2025ರ ಜೂನ್ 1ರಿಂದ ಪೂರ್ತಿ ಬಂದ್ ಮಾಡಿದ್ದಾರೆ.

ನಾನು ಇದನ್ನೆಲ್ಲ ಹಳೇ ಬಿಲ್ಲಿನ ಹಿಂದೆ ಬರೆದುಕೊಂಡೆ. ಬಿಗಿ ಎಳೆತ, 20 ಮಿಲಿಗ್ರಾಂ, ಪುದೀನ ಪರಿಮಳ. ಮಿಕ್ಸರ್ ತಗೊಳ್ಳುವವನು ವ್ಯಾಟ್, ಜಾರ್ ಎಷ್ಟು ಅಂತ ಬರೆದುಕೊಂಡ ಹಾಗೆ.

ಅದೇ ವಾರ ಒಬ್ಬ ಕಾಲೇಜು ಹುಡುಗ ಅಂಗಡಿಗೆ ಬಂದ. ಹೆಬ್ಬೆರಳಿನಷ್ಟು ಉದ್ದದ ನೀಲಿ ಡಬ್ಬಿ. "ಕಾಕಾ, ಇದು ಚಾರ್ಜ್ ಆಗವಲ್ದು, ನೋಡ್ರಿ." ಟಾರ್ಚ್ ಇರಬೇಕು ಅಂದುಕೊಂಡು ತೆಗೆದೆ. ಕಲ್ಲಂಗಡಿ ಹಣ್ಣಿನ ವಾಸನೆ ಅಂಗಡಿ ತುಂಬಾ ಹರಡಿತು.

ರಿಪೇರಿಯವನ ಚಟ ನೋಡಿ, ತೆರೆದ ಮೇಲೆ ಪೂರ್ತಿ ನೋಡದೆ ಬಿಡಲಾಗಲಿಲ್ಲ. ಒಳಗೆ ಒಂದು 3.7 ವೋಲ್ಟಿನ ಲೀಥಿಯಂ ಸೆಲ್ಲು. ಚಾರ್ಜಿಂಗ್ ಪಿನ್ನು ಕಿತ್ತಿತ್ತು, ಅದೇ ತೊಂದರೆ. ಇನ್ನೊಂದು ತುದಿಯಲ್ಲಿ ಹತ್ತಿ, ಹತ್ತಿಯ ಸುತ್ತ ಕೂದಲಿನಂಥ ತಂತಿಯ ಸುರುಳಿ. ಮೀಟರ್ ಇಟ್ಟೆ, 1.2 ಓಮ್ ತೋರಿಸಿತು. ಲೆಕ್ಕ ಹಾಕಿದರೆ ಸುಮಾರು 11 ವ್ಯಾಟ್. ನನ್ನ ಸೋಲ್ಡರಿಂಗ್ ಐರನ್ 25 ವ್ಯಾಟಿನದು, ಅದರ ಅರ್ಧವೂ ಇಲ್ಲ. ನನಗೆ ಖುಷಿ ಕೊಟ್ಟದ್ದು ನಡುವೆ ಇದ್ದ ಒಂದು ಚಿಕ್ಕ, ಗುಂಡನೆಯ ಸೆನ್ಸರ್. ಟೇಪ್ ರೆಕಾರ್ಡರಿನ ಕಂಡೆನ್ಸರ್ ಮೈಕ್ ಇರುತ್ತದಲ್ಲ, ಥೇಟ್ ಹಾಗೇ. ಬಾಯಿಂದ ಎಳೆದಾಗ ಗಾಳಿಯ ಒತ್ತಡ ಇಳಿಯುವುದು ಅದಕ್ಕೆ ಗೊತ್ತಾಗುತ್ತದೆ, ಕರೆಂಟು ಬಿಡುತ್ತದೆ. ಬಟನ್ನೇ ಬೇಡ. ಈ ಯಂತ್ರವನ್ನು ಈಗಿನ ರೂಪಕ್ಕೆ ತಂದವನು ಚೀನಾದ ಹೊನ್ ಲಿಕ್ ಎಂಬ ಔಷಧ ತಜ್ಞ, 2003ರ ಸುಮಾರಿಗೆ. ಅವನೂ ವಿಪರೀತ ಸೇದುತ್ತಿದ್ದವನೇ.

ಹತ್ತಿಗೆ ಹೀರಿಕೊಂಡಿರುವುದು ಒಂದು ದ್ರವ. ಅದರಲ್ಲಿ ಗ್ಲಿಸರಿನ್ ಇರುತ್ತದೆ, ತುಟಿ ಒಡೆದರೆ ಹಚ್ಚಿಕೊಳ್ಳುತ್ತೇವಲ್ಲ, ಅದೇ. ಪ್ರೊಪಿಲೀನ್ ಗ್ಲೈಕಾಲ್ ಅಂತ ಇನ್ನೊಂದು. ನಾಟಕದ ಸ್ಟೇಜ್ ಮೇಲೆ ಮಂಜು ಬಿಡುವ ಯಂತ್ರಗಳಲ್ಲೂ ಅದನ್ನು ಬಳಸುತ್ತಾರೆ. ಜೊತೆಗೆ ನಿಕೋಟಿನ್, ಪರಿಮಳ. ಸುರುಳಿ ಕಾದಾಗ ಇದು ಆವಿಯಾಗುತ್ತದೆ, ಸುಡುವುದಿಲ್ಲ. ಸಿಗರೇಟಿನಲ್ಲಿ ಜೋರಾಗಿ ಎಳೆದಾಗ ತುದಿಯ ಬಿಸಿ 900 ಡಿಗ್ರಿಯ ಹತ್ತಿರ ಹೋಗುತ್ತದೆ. ಎಲೆ ಉರಿಯುತ್ತದೆ, ಟಾರ್ ಬರುತ್ತದೆ, ಕಾರ್ಬನ್ ಮೊನಾಕ್ಸೈಡ್ ಬರುತ್ತದೆ. ಸಿಗರೇಟು ಕೊಲ್ಲುವುದು ಮುಖ್ಯವಾಗಿ ಈ ಹೊಗೆಯಿಂದ. ನಿಕೋಟಿನ್ ಮಾಡುವ ಕೆಲಸ ಬೇರೆ, ಅದು ಬಿಡಲು ಬಿಡುವುದಿಲ್ಲ. ಇ-ಸಿಗರೇಟಿನಲ್ಲಿ ಆ ಹೊಗೆ ಇಲ್ಲ, ಅಷ್ಟರ ಮಟ್ಟಿಗೆ ಅಕ್ಕನ ಮಗ ಹೇಳಿದ್ದು ಸರಿ. ಆದರೆ ಹತ್ತಿ ಒಣಗಿದ ಮೇಲೂ ಎಳೆಯುತ್ತಾ ಹೋದರೆ ಅದೇ ಸೀದು ಬೇರೆ ವಿಷ ಹುಟ್ಟುತ್ತದೆ. ನಾನು ಬಿಚ್ಚಿದ ಡಬ್ಬಿಯಲ್ಲಿ ಹತ್ತಿಯ ಒಂದು ಬದಿ ಕರ್ರಗಾಗಿತ್ತು.

ಡಬ್ಬಿಯ ಮೇಲೆ 5 ಪರ್ಸೆಂಟ್ ಅಂತ ಬರೆದಿತ್ತು. ಅಂದರೆ ಮಿಲಿಲೀಟರಿಗೆ 50 ಮಿಲಿಗ್ರಾಂ. 20ರ ಮಿತಿ ಎಲ್ಲಿ, 50 ಎಲ್ಲಿ. ಅದೂ ಬರೆದದ್ದು ನಿಜ ಇದ್ದರೆ. ತಯಾರಿಸಿದವರ ಹೆಸರಿಲ್ಲ, ವಿಳಾಸವಿಲ್ಲ.

"ಸಿಗರೇಟ್ ಬಿಡಾಕ ಹಿಡದೇನೋ?" ಅಂದೆ.

"ಇಲ್ರಿ ಕಾಕಾ, ನನಗ ಸಿಗರೇಟ್ ವಾಸನಿ ಆಗೂದಿಲ್ಲ. ಇದಷ್ಟ."

ನಾನು ಸುಮ್ನೆ ಅವನ ಮುಖ ನೋಡಿದೆ. 30 ವರ್ಷ ಸುಟ್ಟವನು ಇಳಿಯಲು ಹುಡುಕುತ್ತಿರುವ ಸಾಮಾನನ್ನು, ಒಂದು ಸಿಗರೇಟೂ ಮುಟ್ಟದವನು ಕಲ್ಲಂಗಡಿ ವಾಸನೆಗೆ ಮರುಳಾಗಿ ಹತ್ತಲು ಹಿಡಿದಿದ್ದ. ಪಿನ್ನು ಹಚ್ಚುವುದು ನನಗೆ ಐದು ನಿಮಿಷದ ಕೆಲಸ. ಹಚ್ಚಲಿಲ್ಲ. "ಇದನ್ನ ಮಾಡೂದಿಲ್ಲ ತಮ್ಮಾ" ಅಂತ ಹಾಗೇ ಮುಚ್ಚಿ ಕೊಟ್ಟು ಕಳಿಸಿದೆ. ಅವನಿಗೆ ಇನ್ನೂ ನಾಲ್ಕು ಮಾತು ಹೇಳಬೇಕಿತ್ತು ಅಂತ ಈಗಲೂ ಅನಿಸುತ್ತದೆ. ಆದರೆ ನನ್ನ ಟೇಬಲ್ಲಿನ ಅಂಚಿನಲ್ಲಿ ಸಿಗರೇಟು ಉರಿಯುತ್ತಿತ್ತು. ಯಾವ ಬಾಯಿಂದ ಹೇಳಲಿ?

ಕಾನೂನು ವಿಚಾರ ನನಗೆ ತಿಳಿದದ್ದು ಅವತ್ತು ಸಂಜೆ. ಪಕ್ಕದ ಅಂಗಡಿಯ ವಕೀಲರ ಗುಮಾಸ್ತರು ಹೇಳಿದರು. ಕರ್ನಾಟಕದಲ್ಲಿ ಇ-ಸಿಗರೇಟಿಗೆ 2016ರಲ್ಲೇ ನಿಷೇಧ ಬಂದಿದೆ. 2019ರ ಸೆಪ್ಟೆಂಬರಿನಲ್ಲಿ ಕೇಂದ್ರದ ಸುಗ್ರೀವಾಜ್ಞೆ, ಅದೇ ವರ್ಷ ಇಡೀ ದೇಶಕ್ಕೆ ಕಾಯ್ದೆ. ತಯಾರಿಸುವುದು, ಹೊರಗಿನಿಂದ ತರಿಸುವುದು, ಮಾರುವುದು, ಜಾಹೀರಾತು ಕೊಡುವುದು ಎಲ್ಲ ಅಪರಾಧ. ಮೊದಲ ಸಲ ಒಂದು ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ದಾಸ್ತಾನು ಇಟ್ಟುಕೊಂಡರೂ ಆರು ತಿಂಗಳವರೆಗೆ ಜೈಲು ಅಥವಾ 50,000ವರೆಗೆ ದಂಡ. "ಅಳಿಯಾಗ ತರ್ರಿ ಅಂತ ಹೇಳೀರಿ ಮತ್ತ!" ಅಂದರು ಗುಮಾಸ್ತರು.

ನನಗೆ ಸಿಟ್ಟು ಬಂತು, ಸುಳ್ಳು ಹೇಳುವುದಿಲ್ಲ. ಅಂಗಡಿಯಿಂದ ಇಪ್ಪತ್ತು ಹೆಜ್ಜೆಗೆ ಪಾನ್ ಅಂಗಡಿ. ಅಲ್ಲಿ ನನ್ನ ಬ್ರ್ಯಾಂಡ್ ದಿನಾ ಸಿಗುತ್ತದೆ. ಸುಡುವುದಕ್ಕೆ ಪರವಾನಗಿ, ಸುಡದೇ ಇರುವುದಕ್ಕೆ ಜೈಲು, ಇದ್ಯಾವ ನ್ಯಾಯ? ಈ ಪ್ರಶ್ನೆಗೆ ನನ್ನ ಹತ್ತಿರ ಈಗಲೂ ಪೂರ್ತಿ ಉತ್ತರ ಇಲ್ಲ. ಆದರೆ ಆ ಹುಡುಗನ ಮುಖ ನೆನಪಾದರೆ ಸಿಟ್ಟು ಅರ್ಧ ಇಳಿಯುತ್ತದೆ. ಕದ್ದು ಬರುವ ಮಾಲಿನ ಭಯವೂ ಇತ್ತು. 2019ರಲ್ಲಿ ಅಮೆರಿಕದಲ್ಲಿ ಇಂಥದ್ದನ್ನು ಎಳೆದು ಸಾವಿರಾರು ಜನರ ಪುಪ್ಪಸ ಕೆಟ್ಟಿತು. 2020ರ ಫೆಬ್ರವರಿ ಹೊತ್ತಿಗೆ 68 ಜನ ಸತ್ತಿದ್ದರು. ಗಾಂಜಾ ಸತ್ವದ ದ್ರವಕ್ಕೆ ವಿಟಮಿನ್ ಇ ಎಣ್ಣೆ ಬೆರೆಸಿ ಕಳ್ಳದಾರಿಯಲ್ಲಿ ಮಾರಿದ್ದೇ ಅದಕ್ಕೆ ಮುಖ್ಯ ಕಾರಣ. ಹೆಸರಿಲ್ಲದ ಡಬ್ಬಿಯಲ್ಲಿ ಏನಿದೆ ಅಂತ ನನ್ನ ಮೀಟರಿಗೂ ಗೊತ್ತಾಗುವುದಿಲ್ಲ.

ಬಿಲ್ಲಿನ ಹಿಂದೆ ಬರೆದದ್ದನ್ನು ಹರಿದು ಹಾಕಿದೆ. ಸಿಗರೇಟ್ ಪ್ಯಾಕಿನ ಮೇಲೆ, ಬಿಡಬೇಕು ಅನ್ನುವವರಿಗೆ ಅಂತ ಒಂದು ನಂಬರ್ ಇರುತ್ತದೆ, 1800-11-2356. ಆ ಕೆಟ್ಟ ಚಿತ್ರ ನೋಡಬಾರದು ಅಂತ ಪ್ಯಾಕಿನ ಕಡೆ ಕಣ್ಣೇ ಹಾಯಿಸುತ್ತಿರಲಿಲ್ಲ, ಹಾಗಾಗಿ ನಂಬರ್ ಕಂಡಿರಲೇ ಇಲ್ಲ. ಫೋನು ಮಾಡಲು ದುಡ್ಡು ಬೇಕಿಲ್ಲ. ಕನ್ನಡದಲ್ಲೇ ಮಾತಾಡಿದರು. ಬೈಯುತ್ತಾರೆ ಅಂದುಕೊಂಡಿದ್ದೆ, ಬೈಯಲಿಲ್ಲ. ಬಿಡುವ ದಿನ ಯಾವುದು ಅಂತ ನನ್ನ ಬಾಯಿಂದಲೇ ಹೇಳಿಸಿದರು.

ಆಮೇಲೆ ಡಾಕ್ಟರ ಹತ್ತಿರ ಹೋದೆ. ಅವರು ಕೇಳಿದ ಮೊದಲ ಪ್ರಶ್ನೆ, "ಎದ್ದ ಎಷ್ಟು ಹೊತ್ತಿಗೆ ಮೊದಲನೇದು ಹಚ್ಚತೀರಿ?" ಎದ್ದು ಚಪ್ಪಲಿ ಹುಡುಕುವ ಮೊದಲು ಬೆಂಕಿಪೊಟ್ಟಣ ಹುಡುಕುತ್ತೇನೆ ಅಂದೆ. ಅರ್ಧ ಗಂಟೆಯೊಳಗೆ ಹಚ್ಚುವವರಿಗೆ ಚಟದ ಬೇರು ಆಳವಾಗಿರುತ್ತದಂತೆ. ನಿಕೋಟಿನ್ ಗಮ್ ಬರೆದುಕೊಟ್ಟರು. 2 ಮಿಲಿಗ್ರಾಂನದು ಚೀಟಿ ಇಲ್ಲದೆಯೂ ಸಿಗುತ್ತದೆ. ನನಗೆ ಕೊಟ್ಟದ್ದು 4ರದು, ಅದಕ್ಕೆ ಚೀಟಿ ಬೇಕು. ಮೈಗೆ ಅಂಟಿಸುವ ಪ್ಯಾಚ್, ನುಂಗುವ ಮಾತ್ರೆಗಳೂ ಇವೆ, ಅವನ್ನು ಡಾಕ್ಟರೇ ನೋಡಿ ಕೊಡಬೇಕು.

ಮೊದಲ ದಿನ ಗಮ್ಮನ್ನು ಜಾತ್ರೆಯಲ್ಲಿ ಬಬಲ್ ಗಮ್ ತಿಂದ ಹಾಗೆ ಕಚಪಚ ಅಗಿದುಬಿಟ್ಟೆ. ಗಂಟಲು ಉರಿ, ಎದೆ ಉರಿ, ಸಾಲದ್ದಕ್ಕೆ ಬಿಕ್ಕಳಿಕೆ. ಗಿರಾಕಿ ಎದುರು ಹಿಕ್ ಹಿಕ್ ಅನ್ನುತ್ತಾ ಮೊಬೈಲ್ ಡಿಸ್‌ಪ್ಲೇ ಕೂರಿಸುತ್ತಿದ್ದೆ. ತಪ್ಪು ನಂದೇ, ಒಳಗಿನ ಚೀಟಿ ಓದಿರಲಿಲ್ಲ. ನಾಲ್ಕಾರು ಸಲ ನಿಧಾನಕ್ಕೆ ಅಗಿಯಬೇಕು. ಮೆಣಸಿನಂಥ ಚುರುಕು ಬಂದ ಕೂಡಲೇ ನಿಲ್ಲಿಸಿ, ಕೆನ್ನೆಗೂ ಒಸಡಿಗೂ ನಡುವೆ ಒತ್ತಿ ಇಡಬೇಕು. ಚುರುಕು ಹೋದ ಮೇಲೆ ಮತ್ತೆ ಅಗಿಯುವುದು, ಜಾಗ ಬದಲಿಸಿ ಇಡುವುದು. ಹೀಗೆ ಅರ್ಧ ಗಂಟೆ. ನಿಕೋಟಿನ್ ಬಾಯಿಯ ತೊಗಲಿನಿಂದ ಒಳಗೆ ಹೋಗಬೇಕು, ಹೊಟ್ಟೆಗೆ ಹೋದರೆ ಬಿಕ್ಕಳಿಕೆ. ಗಮ್ಮಿಗೆ ಹದಿನೈದು ನಿಮಿಷ ಮುಂಚಿನಿಂದ ಚಹಾ ಕುಡಿಯಬಾರದು, ಬಾಯಲ್ಲಿ ಇರುವಾಗಲೂ ಕುಡಿಯಬಾರದು, ಕುಡಿದರೆ ಹಿಡಿಯುವುದಿಲ್ಲ. ಕೇಳಿದ್ರಾ? ಚಹಾ ಇಲ್ಲದೆ! ನನಗೆ ಸಿಗರೇಟಿಗಿಂತ ಅದೇ ದುಃಖ.

ಮೂರನೇ ದಿನ ಬಹಳ ಕೆಟ್ಟದ್ದು. ಐರನ್ ಕೈಯಲ್ಲಿ ನಿಲ್ಲುತ್ತಿರಲಿಲ್ಲ. ಮನೆಯವಳು, "ಇವತ್ತ ಅಂಗಡಿ ತಗೀಬ್ಯಾಡ್ರಿ, ಗಿರಾಕಿ ಜೋಡಿ ಜಗಳಾ ಆಡ್ತೀರಿ" ಅಂದಳು. ತೆಗೆದೆ. ಜಗಳ ಆಡಿದೆ. ಆಸೆ ಬಂದಾಗ ಐದು ಹತ್ತು ನಿಮಿಷ ತಡೆದರೆ ಅಲೆ ಹಾಗೇ ದಾಟಿ ಹೋಗುತ್ತದೆ ಅಂತ ಫೋನಿನವರು ಹೇಳಿದ್ದರು. ಆ ಹೊತ್ತಿಗೆಂದೇ ಒಂದು ಕೆಟ್ಟ ಟ್ರಾನ್ಸಿಸ್ಟರ್ ಇಟ್ಟುಕೊಂಡೆ. ಆಸೆ ಬಂದಾಗಲೆಲ್ಲ ಅದರ ಒಂದು ಭಾಗ ಬಿಚ್ಚುವುದು, ಒರೆಸುವುದು, ಕೂರಿಸುವುದು. ಆ ಟ್ರಾನ್ಸಿಸ್ಟರ್ ಈಗ ಹಾಡುತ್ತದೆ.

ಗಣಪತಿ ಕಳಿಸುವ ರಾತ್ರಿ ಸೋತೆ. ನಮ್ಮಲ್ಲಿ ಮೆರವಣಿಗೆ ಅಂದರೆ ಬೆಳಗಿನವರೆಗೆ. ಕಪಿಲೇಶ್ವರ ಹೊಂಡದ ದಾರಿಯಲ್ಲಿ ರಾತ್ರಿ ಎರಡು ಗಂಟೆಗೆ ಒಬ್ಬ ಗೆಳೆಯ ಪ್ಯಾಕು ಚಾಚಿದ, ತಗೊಂಡೆ. ಮರುದಿನ ಮತ್ತೆ 1800ಕ್ಕೆ ಫೋನು ಮಾಡಿದೆ. ಅವರು, "ಆಯ್ತು, ಇವತ್ತಿನಿಂದ ಮತ್ತೆ ಲೆಕ್ಕ" ಅಂದರು. ಅಂದಹಾಗೆ 2025ರಿಂದ ನಮ್ಮ ರಾಜ್ಯದಲ್ಲಿ ಸಾರ್ವಜನಿಕ ಜಾಗದಲ್ಲಿ ಸೇದಿದರೆ ದಂಡ 200 ಅಲ್ಲ, 1000 ರೂಪಾಯಿ. ಆ ರಾತ್ರಿ ಯಾರೂ ಹಿಡಿಯಲಿಲ್ಲ, ಅಷ್ಟೇ.

ಈಗ ಏಳು ತಿಂಗಳಾಯಿತು. 4ರ ಗಮ್ 2ಕ್ಕೆ ಬಂದಿದೆ, ದಿನಕ್ಕೆ ಎರಡು. ರೇಲ್ವೆ ಗೇಟಿನಿಂದ ಮನೆಗೆ ನಿಲ್ಲದೆ ಹೋಗುತ್ತೇನೆ. ಅಕ್ಕನ ಮಗ ಅಲ್ಲಿ 6 ಮಿಲಿಗ್ರಾಂಗೆ ಇಳಿದಿದ್ದಾನೆ. ಭಾನುವಾರ ಫೋನಿನಲ್ಲಿ ಇಬ್ಬರದೂ ಅದೇ ಮಾತು. "ಮಾಮಾ, ಯಾರು ಮೊದಲ ಸೊನ್ನಿಗೆ ಬರ್ತೀವೋ ನೋಡೂಣು" ಅನ್ನುತ್ತಾನೆ. ಪಂದ್ಯ ನಡೆದಿದೆ.

ನಂಬರ್ ಇನ್ನೊಮ್ಮೆ ಹೇಳುತ್ತೇನೆ, ಪೆನ್ನು ಹಿಡಿಯಿರಿ. 1800-11-2356. ಪೆನ್ನು ಸಿಗದಿದ್ದರೆ ಜೇಬಿನ ಪ್ಯಾಕನ್ನು ತೆಗೆದು ನೋಡಿ, ಅದರ ಮೇಲೇ ಇದೆ. ನಮಸ್ಕಾರ.