ಮತ ಕೊಟ್ಟ ಮೇಲೆ ಋಣ ಯಾರದು?

ಕೇಳುಗರೇ, ನಮಸ್ಕಾರ.

ಒಬ್ಬರಿಗೆ ಮನಸಾರೆ ಮತ ಹಾಕಿದ ಮೇಲೆ ಅವರ ಮೇಲೆ ಒಂದು ಥರದ ಮಮತೆ ಬಂದುಬಿಡುತ್ತದೆ. ಯಾರಾದರೂ ಅವರನ್ನು ಬೈದರೆ ನಮ್ಮನ್ನೇ ಬೈದ ಹಾಗಾಗುತ್ತದೆ. ಅಂಥವರೇ ನಮಗೆ ಬೇಡದ ಯುದ್ಧಕ್ಕೆ ದೇಶವನ್ನು ತಳ್ಳಿದರೆ? ಮುಂದಿನ ಸಲ ಅವರಿಗೇ ಮತ ಹಾಕಬೇಕೇ, ಬೇಡವೇ? ಈ ಸಂಕಟವನ್ನು ಚೆನ್ನಾಗಿ ಬಲ್ಲವರು ಅಮೆರಿಕದ ಮತದಾರರು. ಮೊದಲು ವಿಯೆಟ್ನಾಂ, ಆಮೇಲೆ ಇರಾಕ್.

1964ರ ಚುನಾವಣೆ. ಒಂದು ಕಡೆ ಅಧ್ಯಕ್ಷ ಲಿಂಡನ್ ಜಾನ್ಸನ್, ಇನ್ನೊಂದು ಕಡೆ ಬ್ಯಾರಿ ಗೋಲ್ಡ್‌ವಾಟರ್. ಗೋಲ್ಡ್‌ವಾಟರ್ ಗೆದ್ದರೆ ಅಣುಬಾಂಬು ಬೀಳುತ್ತದೆ ಎಂಬ ಭಯ ಜನರಲ್ಲಿತ್ತು. ಜಾನ್ಸನ್ ಕಡೆಯವರು ಟಿವಿಯಲ್ಲಿ ಒಂದು ಜಾಹೀರಾತು ಹಾಕಿದರು. ಪುಟ್ಟ ಹುಡುಗಿಯೊಬ್ಬಳು ಹೂವಿನ ಎಸಳು ಕೀಳುತ್ತಾ ಎಣಿಸುತ್ತಾಳೆ. ಅವಳ ದನಿ ಹೋಗಿ ಒಬ್ಬ ಗಂಡಸಿನ ದನಿ ಬರುತ್ತದೆ. ಅದು ಹತ್ತರಿಂದ ಕೆಳಗೆ ಎಣಿಸುತ್ತದೆ. ಆಮೇಲೆ ಸ್ಫೋಟ. ಜಾಹೀರಾತಾಗಿ ಅದು ಬಂದದ್ದು ಒಂದೇ ಒಂದು ಸಲ, ಆದರೆ ನೋಡಿದವರು ಮರೆಯಲಿಲ್ಲ. ಅಕ್ಟೋಬರಿನಲ್ಲಿ ಓಹಾಯೋದ ಆಕ್ರನ್ ಊರಲ್ಲಿ ಜಾನ್ಸನ್ ಇನ್ನೊಂದು ಮಾತು ಹೇಳಿದರು. ಏಷ್ಯಾದ ಹುಡುಗರು ಮಾಡಿಕೊಳ್ಳಬೇಕಾದ ಕೆಲಸಕ್ಕೆ ನಮ್ಮ ಹುಡುಗರನ್ನು ಒಂಬತ್ತು ಹತ್ತು ಸಾವಿರ ಮೈಲಿ ದೂರ ಕಳಿಸುವುದಿಲ್ಲ ಅಂತ.

ಶೇಕಡ 61ರಷ್ಟು ಮತ ಅವರಿಗೆ ಬಂತು. ಆ ಜನರಲ್ಲಿ ಎಷ್ಟೋ ಮಂದಿ ಶಾಂತಿಗೆ ಅಂತಲೇ ಮತ ಹಾಕಿದ್ದರು. 1965ರ ಮಾರ್ಚ್‌ನಲ್ಲಿ ಅಮೆರಿಕದ ಮರೀನ್ ಪಡೆ ವಿಯೆಟ್ನಾಂನ ದಾ ನಾಂಗ್‌ನಲ್ಲಿ ಇಳಿಯಿತು. ವರ್ಷದ ಕೊನೆಗೆ ವಿಯೆಟ್ನಾಂನಲ್ಲಿ 1,84,000 ಸೈನಿಕರಿದ್ದರು. 1968ಕ್ಕೆ ಐದು ಲಕ್ಷ ದಾಟಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತ ಹಿರಿಯರು ಹೇಳುತ್ತಿದ್ದುದು ಇಂಥದ್ದಕ್ಕೇ.

ಜಾನ್ಸನ್ ಬರೀ ಕೆಟ್ಟವರಾಗಿದ್ದರೆ ಕೈಬಿಡುವುದು ಸುಲಭವಿತ್ತು. ಹಾಗಿರಲಿಲ್ಲ. ಬಣ್ಣ ನೋಡಿ ಜನರನ್ನು ಹೊರಗಿಡುವುದನ್ನು ತಡೆಯುವ 1964ರ ಕಾನೂನಿಗೆ ಸಹಿ ಹಾಕಿದವರು ಅವರೇ. ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಜನರಿಗೆ ಮತಗಟ್ಟೆಯ ಬಾಗಿಲು ತೆರೆಸಿದ 1965ರ ಕಾನೂನು ಕೂಡ ಅವರದೇ. ವಯಸ್ಸಾದವರ ಆಸ್ಪತ್ರೆ ಖರ್ಚಿಗೆ ಮೆಡಿಕೇರ್ ತಂದವರೂ ಅವರೇ. ಒಬ್ಬ ತಾಯಿಯನ್ನು ಕಲ್ಪಿಸಿಕೊಳ್ಳಿ. ಈ ಅಧ್ಯಕ್ಷರ ಕಾನೂನಿನಿಂದ ಅವಳು ಬದುಕಿನಲ್ಲಿ ಮೊದಲ ಸಲ ಮತ ಹಾಕುತ್ತಾಳೆ. ಅದೇ ಅಧ್ಯಕ್ಷರು ಅವಳ ಮಗನನ್ನು ಯುದ್ಧಕ್ಕೆ ಕರೆಸಿಕೊಳ್ಳುತ್ತಾರೆ. ಅವಳು ಯಾವುದನ್ನು ತೂಗಬೇಕು, ಯಾವುದಕ್ಕೆ?

ಮಾರ್ಟಿನ್ ಲೂಥರ್ ಕಿಂಗ್ ಅವರಿಗೂ ಇದೇ ಕಷ್ಟ ಬಂತು. 1964ರ ಕಾನೂನಿಗೆ ಸಹಿ ಬೀಳುವಾಗ ಅವರು ಜಾನ್ಸನ್ ಬೆನ್ನ ಹಿಂದೆಯೇ ನಿಂತಿದ್ದರು. ಯುದ್ಧದ ಬಗ್ಗೆ ಬಾಯಿ ಬಿಟ್ಟರೆ ಆ ಸ್ನೇಹ ಮುರಿಯುತ್ತದೆ ಅಂತ ಅವರಿಗೆ ಗೊತ್ತಿತ್ತು. ಆದರೂ 1967ರ ಏಪ್ರಿಲ್ 4ರಂದು ನ್ಯೂಯಾರ್ಕಿನ ರಿವರ್‌ಸೈಡ್ ಚರ್ಚಿನಲ್ಲಿ ಮಾತಾಡಿದರು. ಬಡವರಿಗೆ ಅಂತ ಎತ್ತಿಟ್ಟ ಹಣವನ್ನು ಈ ಯುದ್ಧ ನುಂಗುತ್ತಿದೆ ಅಂದರು. ತಮ್ಮದೇ ನಾಡಿನಲ್ಲಿ ಸಿಗದ ಸ್ವಾತಂತ್ರ್ಯವನ್ನು ಕಾಯಲು ಕಪ್ಪು ಹುಡುಗರು ಎಂಟು ಸಾವಿರ ಮೈಲಿ ಹೋಗುತ್ತಿದ್ದಾರೆ ಅಂದರು. ದೊಡ್ಡ ದೊಡ್ಡ ಪತ್ರಿಕೆಗಳು ಅವರನ್ನು ಬೈದವು. ಜೊತೆಯಲ್ಲಿ ಹೋರಾಡಿದ ಕೆಲವರೂ ಬೇಸರ ಮಾಡಿಕೊಂಡರು. ಇಷ್ಟೆಲ್ಲ ಮಾಡಿದವರಿಗೆ ಹೀಗೆ ತಿರುಗಿಬೀಳುವುದಾ ಅಂತ.

ನನಗೆ ಅನ್ನಿಸುವುದು ಇಷ್ಟು. ಇಲ್ಲಿ ಋಣದ ಲೆಕ್ಕವನ್ನೇ ತಲೆಕೆಳಗು ಮಾಡಿಬಿಟ್ಟಿದ್ದರು. ಮತ ಕೊಟ್ಟವರು ಸಾಲಗಾರರಲ್ಲ, ಪಡೆದವರು ಸಾಲಗಾರರು. ಕಾನೂನು ಮಾಡಿದ್ದಕ್ಕೆ ಧನ್ಯವಾದ ಹೇಳೋಣ. ಮಗನನ್ನು ಕೊಡಬೇಕಾಗಿಲ್ಲ.

ಆದರೆ ಮತ ಹಿಂದಕ್ಕೆ ಪಡೆದರೆ ಎಲ್ಲ ಮುಗಿಯಿತೇ? 1968ರ ಮಾರ್ಚ್ 12, ನ್ಯೂ ಹ್ಯಾಂಪ್‌ಶೈರ್ ಎಂಬ ಚಿಕ್ಕ ರಾಜ್ಯ. ಪಕ್ಷದ ಅಭ್ಯರ್ಥಿ ಯಾರಾಗಬೇಕು ಅಂತ ಆರಿಸುವ ಮತದಾನ. ಯುದ್ಧ ಬೇಡ ಅನ್ನುತ್ತಿದ್ದ ಸೆನೆಟರ್ ಯುಜೀನ್ ಮೆಕಾರ್ಥಿ ತಮ್ಮದೇ ಪಕ್ಷದ ಅಧ್ಯಕ್ಷರ ಎದುರು ನಿಂತರು. ಸುಮಾರು ಶೇಕಡ 42 ಮತ ಬಂತು. ಜಾನ್ಸನ್‌ಗೆ ಸುಮಾರು 49. ಸೋತರೂ ಅದು ಗೆಲುವಿನಂತೆಯೇ ಕೇಳಿಸಿತು. ಮಾರ್ಚ್ 31ರ ರಾತ್ರಿ ಜಾನ್ಸನ್ ತಾನು ಮತ್ತೆ ನಿಲ್ಲುವುದಿಲ್ಲ ಅಂತ ಟಿವಿಯಲ್ಲಿ ಹೇಳಿದರು.

ಆಮೇಲೆ ಸಮೀಕ್ಷೆ ಮಾಡಿದವರಿಗೆ ಬೇರೆಯದೇ ಸಂಗತಿ ಸಿಕ್ಕಿತು. ಮೆಕಾರ್ಥಿಗೆ ಮತ ಹಾಕಿದವರಲ್ಲಿ ಬಹಳ ಮಂದಿಯ ಸಿಟ್ಟು ಉಲ್ಟಾ ಇತ್ತು. ಜಾನ್ಸನ್ ಯುದ್ಧ ಮಾಡುತ್ತಿದ್ದಾರೆ ಅಂತ ಅಲ್ಲ, ಸಾಕಷ್ಟು ಜೋರಾಗಿ ಮಾಡುತ್ತಿಲ್ಲ ಅಂತ! ಇದನ್ನು ಓದಿದ ದಿನ ನನಗೆ ತುಂಬಾ ಹೊತ್ತು ಏನೂ ತೋಚಲಿಲ್ಲ. ಯುದ್ಧ ಸಾಕು ಅಂದವರು, ಇನ್ನೂ ಬೇಕು ಅಂದವರು, ಇಬ್ಬರ ಚೀಟಿಯೂ ಒಂದೇ ಪೆಟ್ಟಿಗೆಯಲ್ಲಿ. ಯಾರಿಗೆ ಅಂತ ಮತ ಹೇಳುತ್ತದೆ. ಯಾಕೆ ಅಂತ ಅದಕ್ಕೆ ಹೇಳಲು ಬರುವುದಿಲ್ಲ, ಅಲ್ವಾ?

ನವೆಂಬರಿನಲ್ಲಿ ಇನ್ನೂ ಕಷ್ಟವಾಯಿತು. ಒಂದು ಕಡೆ ಜಾನ್ಸನ್ ಅವರ ಉಪಾಧ್ಯಕ್ಷ ಹ್ಯೂಬರ್ಟ್ ಹಂಫ್ರಿ, ಇನ್ನೊಂದು ಕಡೆ ರಿಚರ್ಡ್ ನಿಕ್ಸನ್. ಶೇಕಡ ಒಂದಕ್ಕಿಂತ ಕಡಿಮೆ ಅಂತರದಲ್ಲಿ ನಿಕ್ಸನ್ ಗೆದ್ದರು. ಶಾಂತಿ ಒಪ್ಪಂದ ಆದದ್ದು 1973ರ ಜನವರಿಯಲ್ಲಿ. ಅಷ್ಟರಲ್ಲಿ ಇನ್ನೂ 20,000ಕ್ಕಿಂತ ಜಾಸ್ತಿ ಅಮೆರಿಕನ್ ಸೈನಿಕರು ಸತ್ತಿದ್ದರು. ವಿಯೆಟ್ನಾಂ ಜನ ಲಕ್ಷಗಟ್ಟಲೆ. ಹಂಫ್ರಿ ಬೇಡ ಅಂತ ಮನೆಯಲ್ಲೇ ಉಳಿದವರನ್ನು ನಾನು ದೂರುವುದಿಲ್ಲ. ಆದರೆ ಸುಮ್ನೆ ಮನೆಯಲ್ಲಿ ಉಳಿದವರ ನೋವು ಯಾರ ಕಿವಿಗೂ ಬೀಳಲಿಲ್ಲ.

ಇದೇ ನ್ಯೂ ಹ್ಯಾಂಪ್‌ಶೈರಿಗೆ ಮತ್ತೆ ಹೋಗೋಣ. 2007ರ ಫೆಬ್ರವರಿ. ಬರ್ಲಿನ್ ಅಂತ ಅಲ್ಲೊಂದು ಊರು. ಅಧ್ಯಕ್ಷರಾಗಲು ಹೊರಟ ಹಿಲರಿ ಕ್ಲಿಂಟನ್ ಸಭೆ ಮಾಡುತ್ತಿದ್ದಾರೆ. ಇರಾಕ್ ಮೇಲೆ ಯುದ್ಧಕ್ಕೆ ಒಪ್ಪಿಗೆ ಕೊಡುವ ನಿರ್ಣಯ 2002ರ ಅಕ್ಟೋಬರಿನಲ್ಲಿ ಸೆನೆಟ್‌ನಲ್ಲಿ 77ಕ್ಕೆ 23 ಮತದಿಂದ ಪಾಸಾಗಿತ್ತು. ಆ 77 ಮಂದಿಯಲ್ಲಿ ಅವರೂ ಒಬ್ಬರು. ಆ ಯುದ್ಧಕ್ಕೆ ಕಾರಣವಾಗಿ ತೋರಿಸಿದ ಆಯುಧಗಳು ಇರಾಕಿನಲ್ಲಿ ಸಿಗಲೇ ಇಲ್ಲ. ಸಭೆಯಲ್ಲಿ ಒಬ್ಬ ಮತದಾರ ಎದ್ದು ನಿಂತರು. ಆ ಮತ ತಪ್ಪು ಅಂತ ಇಲ್ಲೇ, ಈಗಲೇ, ಸುತ್ತಿ ಬಳಸದೆ ಹೇಳುತ್ತೀರಾ ಅಂತ ಕೇಳಿದರು.

ಆ ಪ್ರಶ್ನೆ ನನಗೆ ಬಹಳ ಇಷ್ಟ. ಮತಗಟ್ಟೆಗೆ ಹೋಗಲು ಇನ್ನೂ 11 ತಿಂಗಳಿತ್ತು. ಆ ಮತದಾರ ಮುಖ ತಿರುಗಿಸಿಕೊಂಡು ಹೋಗಲಿಲ್ಲ. ಚೀಟಿ ಹೇಳಲಾರದ "ಯಾಕೆ"ಯನ್ನು ಬಾಯಿಬಿಟ್ಟು ಹೇಳಿದರು, ಎಲ್ಲರ ಎದುರಿಗೆ.

ಕ್ಲಿಂಟನ್ ತಪ್ಪು ಅನ್ನಲಿಲ್ಲ. ಈಗ ಗೊತ್ತಿರುವುದು ಆಗ ಗೊತ್ತಿದ್ದರೆ ಹಾಗೆ ಮತ ಹಾಕುತ್ತಿರಲಿಲ್ಲ ಅಂದರು. ಅದೇ ತಿಂಗಳು ಇನ್ನೊಂದು ಸಭೆಯಲ್ಲಿ, ಅದೇ ನಿಮಗೆ ಮುಖ್ಯವಾದರೆ ಆರಿಸಿಕೊಳ್ಳಲು ಬೇರೆಯವರಿದ್ದಾರೆ ಅಂದರು. 2008ರ ಜನವರಿಯಲ್ಲಿ ನ್ಯೂ ಹ್ಯಾಂಪ್‌ಶೈರ್ ಅವರನ್ನೇ ಗೆಲ್ಲಿಸಿತು. ಆದರೆ ಜೂನ್ ಹೊತ್ತಿಗೆ ಪಕ್ಷ ಆರಿಸಿಕೊಂಡದ್ದು ಬರಾಕ್ ಒಬಾಮಾ ಅವರನ್ನು. 2002ರಲ್ಲೇ ಶಿಕಾಗೋದ ಸಭೆಯೊಂದರಲ್ಲಿ ಈ ಯುದ್ಧ ಬೇಡ ಅಂದಿದ್ದವರು ಅವರು.

ಬರ್ಲಿನ್ ಸಭೆಯಲ್ಲಿ ಆ ಮತದಾರ ಕೇಳಿದ ಮಾತು ಕೊನೆಗೂ ಬಂತು. 2014ರಲ್ಲಿ ಬರೆದ ನೆನಪಿನ ಪುಸ್ತಕದಲ್ಲಿ ಕ್ಲಿಂಟನ್ ತಾನು ತಪ್ಪು ಮಾಡಿದೆ ಅಂತ ನೇರವಾಗಿ ಒಪ್ಪಿಕೊಂಡರು. ಅಷ್ಟು ಹೊತ್ತಿಗೆ ಇರಾಕಿನಲ್ಲಿ ಸುಮಾರು 4,500 ಅಮೆರಿಕನ್ ಸೈನಿಕರು, ಲಕ್ಷಕ್ಕೂ ಜಾಸ್ತಿ ಇರಾಕಿಗಳು ಸತ್ತಿದ್ದರು.

ನಮಸ್ಕಾರ.